ಆರಿಹೋದ ದ್ರಾವಕ, ಆರದ ಬಿಗಿತ

ಕೋಯಂಬೇಡು ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಚೆನ್ನೈನ ಬಸ್ ನಿಲ್ದಾಣ. ವ್ಯಾಪಾರದವರಿಗಾದರೆ 1996ರಲ್ಲಿ ಶುರುವಾದ ಸಗಟು ಮಾರುಕಟ್ಟೆ, ಕೋಲಾರದ ಟೊಮೆಟೊ ಲಾರಿಗಳು ಹೋಗಿ ನಿಲ್ಲುವ ಜಾಗ. ಇವೆರಡರ ಗದ್ದಲದಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಮೂರನೆಯದೊಂದು ಅಲ್ಲಿದೆ. ಕೋಯಂಬೇಡಿನ ಕೊಳಚೆ ಸಂಸ್ಕರಣಾ ಕೇಂದ್ರದಲ್ಲಿ ಎರಡು ಹಂತ ದಾಟಿದ ನೀರನ್ನು ಇನ್ನೂ ಒಂದು ಹಂತ ಶುದ್ಧಿ ಮಾಡಿ, ದಿನಕ್ಕೆ 4.5 ಕೋಟಿ ಲೀಟರ್ ಕೈಗಾರಿಕಾ ನೀರು ಕೊಡುವ ಸಾಮರ್ಥ್ಯದ ಘಟಕ ಅದು. ಚೆನ್ನೈಗೆ ನೀರುಣಿಸುವ ಚೆಂಬರಂಬಾಕ್ಕಂ, ಪುಳಲ್ ಕೆರೆಗಳು ತಳ ಕಂಡ 2019ರಲ್ಲೇ ಅದರ ಉದ್ಘಾಟನೆಯೂ ಆಯಿತು. ಶ್ರೀಪೆರುಂಬುದೂರು, ಇರುಂಗಾಟ್ಟುಕೋಟೈ, ಒರಗಡಂ ಕಡೆಯ ಕಾರ್ಖಾನೆಗಳಿಗೆ ಇಲ್ಲಿಂದ ಕೊಳವೆಯಲ್ಲಿ ನೀರು ಹೋಗುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಎರಡನೇ ಹಂತದಲ್ಲೇ ನಿಂತ ನೀರು. ಮೂರನೇ ಹಂತ ಬೇಕೆನ್ನುವವರಿಗೂ ಸಾಕೆನ್ನುವವರಿಗೂ ನಮ್ಮಲ್ಲಿ ಜಗಳ ನಡೆದೇ ಇದೆ. ಕೋಯಂಬೇಡಿನಲ್ಲಿ ಆ ಮೂರನೇ ಹಂತದ ಕೆಲಸ ಅಲ್ಟ್ರಾಫಿಲ್ಟ್ರೇಷನ್ ಮತ್ತು ರಿವರ್ಸ್ ಆಸ್ಮಾಸಿಸ್ ಪೊರೆಗಳದು. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಆರ್‌ಒ ಯಂತ್ರದಲ್ಲಿ ಇರುವುದೂ ಅದೇ ಜಾತಿಯ ಪೊರೆ. ಪಂಪು, ಕೊಳವೆ, ವಿದ್ಯುತ್ ಬಿಲ್ಲಿನ ಬಗ್ಗೆ ನಾವು ಮಾತಾಡುತ್ತೇವೆ. ಪೊರೆಯನ್ನು ಯಾವ ದ್ರವದಲ್ಲಿ ಕರಗಿಸಿ ಎರೆದರು ಎಂದು ಕೇಳುವವರು ಅಪರೂಪ. ಕೇಳಬೇಕಾದ ಪ್ರಶ್ನೆ ಅದು ಎಂಬುದು ಈ ಲೇಖನದ ವಾದ.

ಇಂದಿನ ಆರ್‌ಒ ಪೊರೆಯನ್ನು ಅಡ್ಡಲಾಗಿ ಸೀಳಿ ನೋಡಿದರೆ ಮೂರು ಪದರ ಕಾಣುತ್ತದೆ. ಅಡಿಗೆ ಪಾಲಿಯೆಸ್ಟರ್ ಬಟ್ಟೆ. ಅದರ ಮೇಲೆ ಸುಮಾರು 40–50 ಮೈಕ್ರಾನ್ ದಪ್ಪದ, ಸೂಕ್ಷ್ಮ ರಂಧ್ರಗಳ ಪಾಲಿಸಲ್ಫೋನ್. ಎಲ್ಲಕ್ಕಿಂತ ಮೇಲೆ, ಉಪ್ಪನ್ನು ತಡೆದು ನೀರನ್ನು ಬಿಡುವ ಪಾಲಿಅಮೈಡ್. ಅದರ ದಪ್ಪ 0.1–0.2 ಮೈಕ್ರಾನ್, ತಲೆಗೂದಲಿನ ದಪ್ಪದ ಐನೂರನೇ ಒಂದು ಪಾಲಿನಷ್ಟು. ನಡುವಿನ ಪಾಲಿಸಲ್ಫೋನನ್ನು ಡೈಮೀಥೈಲ್ ಫಾರ್ಮಮೈಡ್ ಅಥವಾ ಅದರ ಬಳಗದ ಇನ್ನೊಂದು ದ್ರಾವಕದಲ್ಲಿ ಕರಗಿಸಿ, ಬಟ್ಟೆಯ ಮೇಲೆ ಸಮನಾಗಿ ಎರೆದು, ನೀರಿನ ತೊಟ್ಟಿಗೆ ಇಳಿಸುತ್ತಾರೆ. ದ್ರಾವಕ ನೀರಿಗೆ ಹೋಗುತ್ತದೆ, ನೀರು ಒಳಕ್ಕೆ ಬರುತ್ತದೆ, ಪಾಲಿಮರ್ ಗಟ್ಟಿಯಾಗುತ್ತದೆ. ಕಾರ್ಖಾನೆಯ ಲೆಕ್ಕದಲ್ಲಿ ದ್ರಾವಕದ ಕಥೆ ಅಲ್ಲಿಗೆ ಮುಗಿಯಿತು. ಸಾಮಗ್ರಿಯ ಹೆಸರು ಮೊದಲೂ ಪಾಲಿಸಲ್ಫೋನ್, ಆಮೇಲೂ ಪಾಲಿಸಲ್ಫೋನ್. ತೆಳು ಪಾಲಿಮರ್ ಫಿಲ್ಮುಗಳ ಮೇಲೆ ಕಳೆದ ನಾಲ್ಕೈದು ದಶಕಗಳಲ್ಲಿ ನಡೆದ ಕೆಲಸ ಹೇಳುವುದು ಬೇರೆ. ಒಂದೇ ಪಾಲಿಮರ್, ಒಂದೇ ದಪ್ಪ, ಆದರೆ ಬೇರೆ ದ್ರಾವಕ ಎಂದರೆ ಕೈಗೆ ಬರುವುದು ಬೇರೆ ಬೇರೆ ಫಿಲ್ಮು. ರಾಸಾಯನಿಕ ವಿಶ್ಲೇಷಣೆಯಲ್ಲಿ ಆ ವ್ಯತ್ಯಾಸ ಸಿಕ್ಕುವುದಿಲ್ಲ, ಅಣುಗಳು ಅಲುಗಾಡುವ ವೇಗದಲ್ಲಿ ಸಿಕ್ಕುತ್ತದೆ.

ಪಾಲಿಮರ್ ಎಂದರೆ ಸಾವಿರಾರು ಕೊಂಡಿಗಳ ಉದ್ದ ಸರಪಳಿ. ಬಿಸಿಯಲ್ಲಿ ಸರಪಳಿಗಳು ಒಂದರೊಳಗೊಂದು ನುಸುಳಿ ಜಾಗ ಬದಲಿಸುತ್ತಿರುತ್ತವೆ. ತಣ್ಣಗಾಗುತ್ತ ಹೋದಂತೆ ಆ ಚಲನೆ ನಿಧಾನವಾಗಿ, ಒಂದು ಹಂತದಲ್ಲಿ ನಮ್ಮ ಗಡಿಯಾರಕ್ಕೆ ಕಾಣದಷ್ಟು ಮಂದವಾಗುತ್ತದೆ. ಆ ಹಂತದ ಉಷ್ಣತೆಗೆ ಗ್ಲಾಸ್ ಟ್ರಾನ್ಸಿಷನ್ ಎಂದು ಹೆಸರು: ಪಾಲಿಸ್ಟೈರೀನಿಗೆ ಸುಮಾರು 100 ಡಿಗ್ರಿ ಸೆಲ್ಸಿಯಸ್, ಪಾಲಿಸಲ್ಫೋನಿಗೆ ಸುಮಾರು 186. ಅದರ ಕೆಳಗೆ ಎಲ್ಲವೂ ಹೆಪ್ಪುಗಟ್ಟಿ ನಿಂತಿತು ಎಂದುಕೊಂಡರೆ ತಪ್ಪು. ಸರಪಳಿಯ ಪಕ್ಕದಲ್ಲಿ ಜೋತ ಗುಂಪುಗಳು, ಬೆನ್ನೆಲುಬಿನ ಸಣ್ಣ ತುಣುಕುಗಳು ತಿರುಗಾಡುತ್ತಲೇ ಇರುತ್ತವೆ. ಕದಡಿದ ಅಣುಗಳು ಮತ್ತೆ ತಮ್ಮ ಸಮಸ್ಥಿತಿಗೆ ಮರಳುವ ಇಂಥ ಚಲನೆಗಳಿಗೆಲ್ಲ ಒಟ್ಟಾಗಿ ಸಡಿಲಿಕೆ ಎನ್ನುತ್ತಾರೆ; ಇಡೀ ಸರಪಳಿಯ ದೊಡ್ಡ ಭಾಗಗಳು ಕೂಡಿ ಸರಿಯುವುದು ಆಲ್ಫಾ, ಚಿಕ್ಕ ಗುಂಪುಗಳದು ಬೀಟಾ. ಅಳೆಯುವ ಒಂದು ವಿಧಾನ, ಡೈಎಲೆಕ್ಟ್ರಿಕ್ ಅಳತೆ, ಹೀಗಿದೆ: ಫಿಲ್ಮಿನ ಎರಡೂ ಬದಿಗೆ ಲೋಹದ ಲೇಪ ಕೊಟ್ಟು ದಿಕ್ಕು ಬದಲಿಸುತ್ತಿರುವ ವೋಲ್ಟೇಜ್ ಹಾಯಿಸುವುದು. ವಿದ್ಯುತ್ ಧ್ರುವವಿರುವ ತುಣುಕುಗಳು ಅದಕ್ಕೆ ತಕ್ಕಂತೆ ಹೊರಳಲು ನೋಡುತ್ತವೆ. ಯಾವ ಆವರ್ತನದಲ್ಲಿ ಅವು ಹಿಂದೆ ಬೀಳಲು ಶುರುಮಾಡುತ್ತವೋ ಅಲ್ಲಿ ಶಕ್ತಿನಷ್ಟದ ಒಂದು ಶಿಖರ ಏಳುತ್ತದೆ. ಶಿಖರ ಎಲ್ಲಿದೆ ಎಂಬುದರಿಂದ ಅಣುಗಳ ವೇಗ, ಎಷ್ಟು ಅಗಲವಾಗಿದೆ ಎಂಬುದರಿಂದ ಎಲ್ಲ ಅಣುಗಳಿಗೂ ಒಂದೇ ಬಗೆಯ ನೆರೆಹೊರೆ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.

ದ್ರಾವಕ ಇಲ್ಲಿ ಕೈ ಹಾಕುವುದು ಎಲ್ಲಿ? ಶುದ್ಧ ಪಾಲಿಸ್ಟೈರೀನ್ 100 ಡಿಗ್ರಿಯಲ್ಲಿ ಗಾಜಾಗುತ್ತದೆ. ಟಾಲುವೀನ್ ಬೆರೆತಿರುವಾಗ ಆ ಅಂಕಿ ಬಹಳ ಕೆಳಗಿರುತ್ತದೆ. ಟಾಲುವೀನ್ ಆವಿಯಾದಂತೆ ಅದು ಮೇಲೇರುತ್ತ ಬಂದು, ಕೋಣೆಯ ಉಷ್ಣತೆಯನ್ನು ಮುಟ್ಟಿದ ಗಳಿಗೆಯಲ್ಲಿ ಫಿಲ್ಮು ಗಾಜಾಗುತ್ತದೆ. ಆ ಗಳಿಗೆಯಲ್ಲಿ ಒಳಗೆ ಇನ್ನೂ ಗಣನೀಯ ಪ್ರಮಾಣದ ದ್ರಾವಕ ಇರುತ್ತದೆ ಎಂಬುದೇ ಇಡೀ ವಿಷಯದ ಗಂಟು. ಉಳಿದ ದ್ರಾವಕ ಆಮೇಲೂ ಹೊರಗೆ ಹೋಗುತ್ತದೆ. ಅದು ಬಿಟ್ಟ ಜಾಗವನ್ನು ತುಂಬಲು ಸರಪಳಿಗಳಿಗೆ ಸರಿದಾಡಲಾಗದು. ಅಡಿಯ ಗಾಜು ಅಥವಾ ಸಿಲಿಕಾನ್ ಹಲಗೆಗೆ ಅಂಟಿಕೊಂಡ ಫಿಲ್ಮು ಅಗಲದಲ್ಲಿ ಕುಗ್ಗಲಾರದು, ದಪ್ಪದಲ್ಲಿ ಮಾತ್ರ ಇಳಿಯುತ್ತದೆ. ಒಳಗೆ ಎಳೆತ ಉಳಿಯುತ್ತದೆ. ಚುರುಕು ಬಿಸಿಲಿಗೆ ಹಾಕಿದ ಹಪ್ಪಳದ ಅಂಚು ಮೇಲೇಳುವುದು ಮೇಲ್ಮೈ ಒಳಭಾಗಕ್ಕಿಂತ ಮೊದಲು ಆರಿ ಕುಗ್ಗುವುದರಿಂದ; ಫಿಲ್ಮಿಗೆ ಆ ಸ್ವಾತಂತ್ರ್ಯವೂ ಇಲ್ಲ. 1979ರಲ್ಲಿ ಎಸ್.ಜಿ. ಕ್ರೋಲ್ ದ್ರಾವಕದಿಂದ ಎರೆದ ಲೇಪಗಳ ಒಳ ಒತ್ತಡಕ್ಕೆ ಇದೇ ಕಾರಣ ಎಂದು ತೋರಿಸಿಕೊಟ್ಟರು: ಗಟ್ಟಿಯಾದ ಕ್ಷಣದಲ್ಲಿದ್ದ ದ್ರಾವಕಕ್ಕೂ ಕೊನೆಗೆ ಉಳಿದ ದ್ರಾವಕಕ್ಕೂ ಇರುವ ಅಂತರವೇ ಬಿಗಿತದ ಅಳತೆ. ಹಾಗಾದ ಮೇಲೆ ಯಾವ ದ್ರಾವಕ ಎಂಬುದು ಸಣ್ಣ ವಿವರವಾಗಿ ಉಳಿಯಲಾರದು. ಪಾಲಿಮರನ್ನು ಎಷ್ಟು ಮೆದುಗೊಳಿಸುತ್ತದೆ, ಎಷ್ಟು ಬೇಗ ಆರುತ್ತದೆ ಎಂಬ ಅದರ ಎರಡು ಗುಣಗಳೇ ಆ ಗಳಿಗೆಯನ್ನು ನಿರ್ಧರಿಸುತ್ತವೆ.

ಮೂರನೆಯ ಗುಣ ಇನ್ನೂ ಸೂಕ್ಷ್ಮ. ಒಳ್ಳೆಯ ದ್ರಾವಕದಲ್ಲಿ ಸರಪಳಿ ಅರಳಿ ಹರಡಿಕೊಳ್ಳುತ್ತದೆ, ಒಗ್ಗದ ದ್ರಾವಕದಲ್ಲಿ ಮುದುಡುತ್ತದೆ. ಎರಡರ ನಡುವೆ, ಸರಪಳಿ ಹಿಗ್ಗದೆ ಕುಗ್ಗದೆ ತನ್ನ ಸಹಜ ಗಾತ್ರದಲ್ಲಿರುವ ಸ್ಥಿತಿಯನ್ನು ಪಾಲ್ ಫ್ಲೋರಿ ಗುರುತಿಸಿದರು. ಅದಕ್ಕೆ ಥೀಟಾ ಸ್ಥಿತಿ ಎನ್ನುತ್ತಾರೆ. ನಿಧಾನವಾಗಿ ಆರಿಸಿದರೆ ಎಲ್ಲ ಸರಪಳಿಗಳೂ ದಾರಿಯಲ್ಲಿ ಹೊಂದಿಕೊಂಡು ಕೊನೆಗೆ ಒಂದೇ ರೂಪಕ್ಕೆ ಬರಬೇಕು. ಆದರೆ ತಿರುಗುವ ಹಲಗೆಯ ಮೇಲೆ ಹನಿ ಬಿಟ್ಟು ಎರೆಯುವಾಗ ದ್ರಾವಕ ಕೆಲವೇ ಸೆಕೆಂಡಿನಲ್ಲಿ ಹಾರಿಹೋಗುತ್ತದೆ. ಉದ್ದ ಸರಪಳಿಯೊಂದು ತನ್ನ ನೆರೆಯವರ ನಡುವಿನಿಂದ ಹಾವಿನಂತೆ ನುಸುಳಿ ಹೊಸ ಜಾಗಕ್ಕೆ ಬರಲು ಬೇಕಾದ ಕಾಲ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸರಪಳಿಯ ಉದ್ದ ಇಮ್ಮಡಿಯಾದರೆ ಆ ಕಾಲ ಸುಮಾರು ಹತ್ತು ಪಟ್ಟಾಗುತ್ತದೆ. ಹೀಗಾಗಿ ದ್ರಾವಣದಲ್ಲಿದ್ದ ರೂಪದ ಒಂದಿಷ್ಟು ಅಂಶ ಹಾಗೆಯೇ ಗಾಜಿನೊಳಗೆ ಸೆರೆಯಾಗುತ್ತದೆ, ಸರಪಳಿಗಳು ಒಂದರೊಡನೊಂದು ಹೆಣೆದುಕೊಳ್ಳುವುದು ಅರ್ಧದಲ್ಲೇ ನಿಲ್ಲುತ್ತದೆ. 2001ರಲ್ಲಿ ಗ್ಯುಂಟರ್ ರೈಟರ್ ಮತ್ತು ನೊಬೆಲ್ ಪುರಸ್ಕೃತ ಪಿಯೆರ್-ಜಿಲ್ ದ ಜೆನ್ ಬರೆದ ಲೇಖನದ ಶೀರ್ಷಿಕೆಯೇ ಇಂಥ ಫಿಲ್ಮುಗಳನ್ನು ತೀರಾ ಅರೆಸ್ಥಿರ ದ್ರವ್ಯರೂಪ ಎಂದು ಕರೆಯಿತು. 2005ರಲ್ಲಿ ರೈಟರ್ ತಂಡ ಪಾಲಿಸ್ಟೈರೀನ್ ಫಿಲ್ಮುಗಳನ್ನು ಗ್ಲಾಸ್ ಟ್ರಾನ್ಸಿಷನ್ನಿಗಿಂತ ಕೆಳಗಿನ ಉಷ್ಣತೆಯಲ್ಲಿ ಬೇರೆ ಬೇರೆ ಅವಧಿ ಇಟ್ಟು, ಆಮೇಲೆ ಬಿಸಿಮಾಡಿ ಅವು ತೂತು ಬೀಳುವುದನ್ನು ಗಮನಿಸಿತು. ಹೆಚ್ಚು ಕಾಲ ಇಟ್ಟ ಫಿಲ್ಮು ತೂತು ಬೀಳುವ ಸಾಧ್ಯತೆ ಕಡಿಮೆಯಾಗಿತ್ತು. ಗಟ್ಟಿಯಾಗಿ ಸುಮ್ಮನಿದೆ ಎಂದು ತೋರಿದ ವಸ್ತು ಒಳಗೊಳಗೇ ತನ್ನ ಎಳೆತವನ್ನು ಬಿಡಿಸಿಕೊಳ್ಳುತ್ತಿತ್ತು. 2010ರಲ್ಲಿ ಅದೇ ಗುಂಪಿನವರೂ ಸಂಗಡಿಗರೂ ಥೀಟಾ ಸ್ಥಿತಿಗೆ ಹತ್ತಿರದ ದ್ರಾವಕದಿಂದ ಎರೆದ ಫಿಲ್ಮುಗಳ ಮುಪ್ಪನ್ನು ಬೇರೆಯಾಗಿಯೇ ಕೈಗೆತ್ತಿಕೊಂಡರು. ದ್ರಾವಕದ ಗುಣ ಎಂಬುದೇ ಸಂಶೋಧನೆಯ ವಿಷಯವಾಗುವ ಮಟ್ಟಕ್ಕೆ ಏರಿತ್ತು.

ಇದರ ಹಿಂದೆ ಒಂದು ದೊಡ್ಡ ವಿವಾದವೂ ಇದೆ. 1994ರಲ್ಲಿ ಕೆಡ್ಡಿ, ಜೋನ್ಸ್, ಕೋರಿ ಎಂಬ ಮೂವರು ಸಿಲಿಕಾನ್ ಮೇಲಿನ ಪಾಲಿಸ್ಟೈರೀನ್ ಫಿಲ್ಮು ಸುಮಾರು 40 ನ್ಯಾನೋಮೀಟರಿಗಿಂತ ತೆಳುವಾದಾಗ ಅದರ ಗ್ಲಾಸ್ ಟ್ರಾನ್ಸಿಷನ್ ಇಳಿಯುತ್ತ ಹೋಗುತ್ತದೆ ಎಂದು ವರದಿ ಮಾಡಿದರು. ಕಾರಣ ತೆಳುತನವೇ, ಮುಕ್ತ ಮೇಲ್ಮೈಯೇ, ತಯಾರಿಕೆಯೇ ಎಂದು ನೂರಾರು ಪ್ರಬಂಧಗಳು ಹೊರಬಂದವು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿ ಹೊಂದುತ್ತಿರಲಿಲ್ಲ. 2011ರಲ್ಲಿ ನಪೊಲಿಟಾನೊ ಮತ್ತು ವುಬೆನ್‌ಹಾರ್ಸ್ಟ್ ಒಂದು ಒಳ್ಳೆಯ ಸುಳಿವು ಕೊಟ್ಟರು. ಫಿಲ್ಮನ್ನು ಸಾಕಷ್ಟು ದೀರ್ಘಕಾಲ ಬಿಸಿಯಲ್ಲಿಟ್ಟರೆ ಸರಪಳಿಗಳು ಅಡಿಯ ಹಲಗೆಗೆ ನಿಧಾನವಾಗಿ ಅಂಟುತ್ತ ಹೋಗುತ್ತವೆ, ತೆಳುತನದಿಂದ ಬಂದ ವಿಚಿತ್ರ ವರ್ತನೆಯೂ ಅದರೊಂದಿಗೆ ಕರಗುತ್ತ ಹೋಗುತ್ತದೆ. ಅಂದರೆ ಆ ವರ್ತನೆಗೂ ಒಂದು ಆಯುಸ್ಸಿದೆ. ನನ್ನ ಓದಿನಲ್ಲಿ ಇಡೀ ವಿವಾದದ ಬೆಲೆಬಾಳುವ ಫಲ ಇದೇ. ತೆಳು ಫಿಲ್ಮಿನ ಗುಣವನ್ನು ಅದರ ಹೆಸರು, ದಪ್ಪ ಎರಡರಿಂದಲೇ ಹೇಳಲಾಗದು. ಹೇಗೆ ಎರೆದರು, ಎಷ್ಟು ಹೊತ್ತು ಬಿಸಿ ಕೊಟ್ಟರು ಎಂಬುದನ್ನೂ ಸೇರಿಸಬೇಕು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಹಾಗಿದ್ದರೆ ಬಿಸಿ ಕೊಟ್ಟು ಹದಗೊಳಿಸಿಬಿಡಿ, ದ್ರಾವಕದ ಗುರುತೆಲ್ಲ ಅಳಿಸಿಹೋಗುತ್ತದೆ. ಗ್ಲಾಸ್ ಟ್ರಾನ್ಸಿಷನ್ನಿನ ಮೇಲೆ ಬೇಕಾದಷ್ಟು ಹೊತ್ತು ಇಡಬಹುದಾದ ಕಡೆ ಇದು ಬಹುಮಟ್ಟಿಗೆ ನಿಜ. ಪೊರೆಯ ವಿಷಯದಲ್ಲಿ ತೊಡಕೇನೆಂದರೆ, ಪಾಲಿಸಲ್ಫೋನನ್ನು 186 ಡಿಗ್ರಿ ದಾಟಿಸಿದರೆ ಅದರ ರಂಧ್ರಗಳೇ ಕುಸಿಯುತ್ತವೆ. ಅಳಿಸುವ ರಬ್ಬರು ಚಿತ್ರವನ್ನೂ ತಿನ್ನುತ್ತದೆ. ಆರ್‌ಒ ಪೊರೆಯ ಇತಿಹಾಸದ ಮೊದಲ ಪುಟದಲ್ಲೇ ಇದು ಕಾಣುತ್ತದೆ. ಸೆಲ್ಯುಲೋಸ್ ಅಸಿಟೇಟ್ ಉಪ್ಪನ್ನು ತಡೆಯುತ್ತದೆ ಎಂದು ಫ್ಲೋರಿಡಾದ ರೀಡ್ ಮತ್ತು ಬ್ರೆಟನ್ ತೋರಿಸಿದ್ದರು, ಆದರೆ ಅದರಿಂದ ನೀರು ಹನಿಯುತ್ತಿದ್ದುದು ತೀರಾ ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಅದೇ ಪಾಲಿಮರಿನಿಂದ ಕೆಲಸಕ್ಕೆ ಬರುವ ಪೊರೆ ಮಾಡಿದರು. ಅವರು ಬದಲಿಸಿದ್ದು ಪಾಲಿಮರನ್ನಲ್ಲ, ಎರೆಯುವ ದ್ರಾವಣವನ್ನು: ಅಸಿಟೋನ್, ನೀರು, ಮೆಗ್ನೀಸಿಯಂ ಪರ್‌ಕ್ಲೋರೇಟ್. ಎರೆದು, ಕ್ಷಣಕಾಲ ಆವಿಯಾಗಲು ಬಿಟ್ಟು, ತಣ್ಣನೆಯ ನೀರಿಗೆ ಇಳಿಸಿ, ಕೊನೆಗೆ ಬಿಸಿನೀರಿನಲ್ಲಿ ಹದ ಮಾಡುತ್ತಿದ್ದರು. ಆ ಬಿಸಿನೀರು ಹೆಚ್ಚು ಬಿಸಿಯಾದಷ್ಟೂ ಉಪ್ಪು ತಡೆಯುವ ಶಕ್ತಿ ಏರುತ್ತಿತ್ತು, ನೀರು ಬಿಡುವ ಪ್ರಮಾಣ ಇಳಿಯುತ್ತಿತ್ತು. ಹದಗೊಳಿಸುವುದು ಅಲ್ಲಿ ದ್ರಾವಕ ಶುರುಮಾಡಿದ ಕೆಲಸದ ಮುಂದುವರಿಕೆಯೇ ಹೊರತು ಅದನ್ನು ಒರೆಸಿಹಾಕುವ ಉಪಾಯವಲ್ಲ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗ ಊರಿಗೆ ಕುಡಿಯುವ ನೀರು ಕೊಟ್ಟದ್ದು ಈ ಬಗೆಯ ಪೊರೆ.

ಹದಗೊಳಿಸಿದರೆ ಸಾಕು ಎಂಬವರಿಗೆ ಇನ್ನೊಂದು ಉದಾಹರಣೆ ನಾಫಿಯಾನ್. ಕ್ಲೋರ್-ಆಲ್ಕಲಿ ಕಾರ್ಖಾನೆಗಳಲ್ಲಿ, ಇಂಧನ ಕೋಶಗಳಲ್ಲಿ ಬಳಸುವ ಪಾಲಿಮರ್. 1980ರ ದಶಕದಲ್ಲಿ ರಾಬರ್ಟ್ ಮೂರ್ ಮತ್ತು ಚಾರ್ಲ್ಸ್ ಮಾರ್ಟಿನ್ ಇದನ್ನು ಎರಡು ಬಗೆಯಲ್ಲಿ ಎರೆದು ನೋಡಿದರು. ಆಲ್ಕೋಹಾಲು–ನೀರಿನಲ್ಲಿ ಕರಗಿಸಿ ಕೋಣೆಯ ಬಿಸಿಯಲ್ಲಿ ಆರಿಸಿದ ಫಿಲ್ಮು ಪೆಡಸಾಗಿ ಬಿರುಕು ಬಿಡುತ್ತಿತ್ತು, ಮತ್ತೆ ಸುಲಭವಾಗಿ ಕರಗಿಯೂ ಹೋಗುತ್ತಿತ್ತು. ಡೈಮೀಥೈಲ್ ಸಲ್ಫಾಕ್ಸೈಡಿನಂಥ ಹೆಚ್ಚು ಬಿಸಿಗೆ ಕುದಿಯುವ ದ್ರಾವಕದಿಂದ, ಬಿಸಿಯಲ್ಲೇ ಆರಿಸಿದ ಫಿಲ್ಮು ಬಾಗುತ್ತಿತ್ತು, ಕರಗದೆ ನಿಲ್ಲುತ್ತಿತ್ತು. ಇದು ದ್ರಾವಕದ ಮಹಿಮೆಯೋ ಬಿಸಿಯದೋ ಎಂದು ಕೇಳಬಹುದು. ಎರಡನ್ನೂ ಬಿಡಿಸಿ ನೋಡುವುದು ಇಲ್ಲಿ ಕಷ್ಟ, ಏಕೆಂದರೆ ಬಿಸಿ ಇರುವಷ್ಟೂ ಹೊತ್ತು ಸರಪಳಿಗಳ ನಡುವೆ ದ್ರಾವಕ ಉಳಿದಿದ್ದು ಅವುಗಳ ಓಡಾಟಕ್ಕೆ ಎಡೆಮಾಡಿಕೊಡಬೇಕು. ಆಲ್ಕೋಹಾಲು ಅಷ್ಟು ಹೊತ್ತು ನಿಲ್ಲುವುದೇ ಇಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬೇರೆ ಬೇರೆ ದ್ರಾವಕದಿಂದ ಎರೆದ ಫಿಲ್ಮುಗಳು ಬೇರೆ ವರ್ತಿಸಿದರೆ ಅದಕ್ಕೆ ಕಾರಣ ಒಳಗೆ ಉಳಿದುಹೋದ ಅಷ್ಟಿಷ್ಟು ದ್ರಾವಕ ಇರಬಹುದಲ್ಲ? ಹಳೆಯ ಎಷ್ಟೋ ಅಳತೆಗಳಿಗೆ ಈ ಸಂದೇಹ ಸರಿಯಾಗಿಯೇ ತಗಲುತ್ತದೆ. ಉಳಿದ ದ್ರಾವಕ ಪಾಲಿಮರನ್ನು ಮೆದುಗೊಳಿಸುತ್ತದೆ, ಆಲ್ಫಾ ಶಿಖರವನ್ನು ಕಡಿಮೆ ಉಷ್ಣತೆಯ ಕಡೆಗೆ ಜರುಗಿಸುತ್ತದೆ. ಅಮೈಡ್ ದ್ರಾವಕಗಳಂತೂ ಧ್ರುವ ಗುಂಪುಗಳನ್ನು ಹಿಡಿದು ಕೂತು ಬೇಗ ಬಿಡುವುದಿಲ್ಲ. ಆದರೆ ಅದು ಮಾಡುವ ಕೆಲಸದ ದಿಕ್ಕನ್ನು ಗಮನಿಸಬೇಕು. ಮೆದುವಾದ ಫಿಲ್ಮಿನಲ್ಲಿ ಒಳ ಒತ್ತಡ ಬೇಗ ಇಳಿದುಹೋಗಬೇಕು. ರೈಟರ್ ತಂಡ ಕಂಡದ್ದು ಫಿಲ್ಮಿನೊಳಗೆ ಉಳಿದುಕೊಂಡ ಒತ್ತಡವನ್ನು, ಮತ್ತು ಅದು ನಿಧಾನವಾಗಿ ಇಳಿಯುವುದನ್ನು. ಜೊತೆಗೆ ಉಳಿದ ದ್ರಾವಕವನ್ನು ತೂಕದಿಂದ, ಅವಕೆಂಪು ಬೆಳಕಿನ ಹೀರಿಕೆಯಿಂದ ಅಳೆಯಬಹುದು. ಅಳೆದು, ಇಲ್ಲವಾಗಿಸಿ, ಮತ್ತೆ ಹೋಲಿಸಬಹುದು. ಅಷ್ಟು ಮಾಡದೆ ದ್ರಾವಕದ ಪ್ರಭಾವದ ಬಗ್ಗೆ ಮಾತಾಡುವ ಪ್ರಬಂಧವನ್ನು ನಂಬಬೇಕಾಗಿಲ್ಲ.

ಮೂರನೆಯ ಆಕ್ಷೇಪ ಎಂಜಿನಿಯರುಗಳದು. ಉಪ್ಪು ತಡೆಯುವ ಪಾಲಿಅಮೈಡ್ ಪದರವನ್ನು ಎರೆಯುವುದೇ ಇಲ್ಲ; ನೀರಿನಲ್ಲಿ ಕರಗಿದ ಒಂದು ರಾಸಾಯನಿಕ, ಎಣ್ಣೆಯಂಥ ದ್ರವದಲ್ಲಿ ಕರಗಿದ ಇನ್ನೊಂದು, ಎರಡೂ ಸೇರುವ ಗಡಿಯಲ್ಲಿ ಅದು ಹುಟ್ಟುತ್ತದೆ. ಸರಪಳಿಗಳು ಅಡ್ಡಡ್ಡ ಬೆಸೆದುಕೊಂಡ ಬಲೆ ಅದು. ಪಾಲಿಸಲ್ಫೋನಾದರೆ ಬರೀ ಆಧಾರ, ಅದೂ ತನ್ನ ಗ್ಲಾಸ್ ಟ್ರಾನ್ಸಿಷನ್ನಿಗಿಂತ 150 ಡಿಗ್ರಿ ಕೆಳಗೆ ದುಡಿಯುತ್ತದೆ. ಅಲ್ಲಿ ಎಂಥ ಸಡಿಲಿಕೆ? ಮೊದಲ ಭಾಗ ಒಪ್ಪುವಂಥದ್ದು. ಪಾಲಿಅಮೈಡಿಗೆ ಈ ಲೇಖನದ ವಾದ ನೇರವಾಗಿ ಅನ್ವಯಿಸುವುದಿಲ್ಲ. ಎರಡನೆಯ ಭಾಗಕ್ಕೆ ಟೆಕ್ಸಸ್‌ನಲ್ಲಿ ಹುವಾಂಗ್ ಮತ್ತು ಡೊನಾಲ್ಡ್ ಪಾಲ್ ಮಾಡಿದ ಕೆಲಸ ಉತ್ತರ ಕೊಡುತ್ತದೆ. 2004ರಲ್ಲಿ ಅವರು ಪಾಲಿಸಲ್ಫೋನಿನ ತೆಳು ಫಿಲ್ಮುಗಳನ್ನು 35 ಡಿಗ್ರಿಯಲ್ಲಿಟ್ಟು, ಅವುಗಳ ಮೂಲಕ ಅನಿಲ ಹಾಯುವ ಪ್ರಮಾಣವನ್ನು ದೀರ್ಘಕಾಲ ಅಳೆದರು. ದಪ್ಪ ಫಿಲ್ಮು ಹೆಚ್ಚುಕಡಿಮೆ ಇದ್ದಂತೆಯೇ ಇದ್ದಾಗ ಒಂದು ಮೈಕ್ರಾನಿಗಿಂತ ತೆಳುವಾದವು ಎದ್ದುಕಾಣುವಷ್ಟು ಬಿಗಿಯಾಗುತ್ತ ಹೋದವು. ಚೆನ್ನೈನ ಬೇಸಿಗೆಯ ನೀರಿನ ಬಿಸಿಯೂ ಅದರ ಆಸುಪಾಸಿನದೇ. ಗಮನಿಸಬೇಕಾದ ಮಾತು: ಅವರು ಫಿಲ್ಮುಗಳನ್ನು ಮೊದಲೇ ಗ್ಲಾಸ್ ಟ್ರಾನ್ಸಿಷನ್ನಿನ ಮೇಲೆ ಕಾಯಿಸಿ ಹಳೆಯ ಚರಿತ್ರೆಯನ್ನು ಒರೆಸಿದ್ದರು, ಆದ್ದರಿಂದ ಅವರು ಕಂಡ ಮುಪ್ಪನ್ನು ದ್ರಾವಕದ ತಲೆಗೆ ಕಟ್ಟುವಂತಿಲ್ಲ. ಅದರಿಂದ ಸಿದ್ಧವಾಗುವುದು ಇಷ್ಟೇ: 150 ಡಿಗ್ರಿ ಕೆಳಗೂ ತೆಳು ಪಾಲಿಸಲ್ಫೋನ್ ನಿಶ್ಚಲವಲ್ಲ. ಹಾಗೆ ಒರೆಸಲು ಅವಕಾಶವೇ ಇಲ್ಲದ ರಂಧ್ರದ ಪೊರೆಯಲ್ಲಿ, ತೀರಾ ತೆಳುವಾದ ಮೇಲ್ಪದರ ಮತ್ತು ರಂಧ್ರಗಳ ಗೋಡೆಗಳು ನೀರಿನ ತೊಟ್ಟಿಯಲ್ಲಿ ಸೆಕೆಂಡುಗಳೊಳಗೆ ಗಾಜಾದ ಸ್ಥಿತಿಯನ್ನು ಹೊತ್ತುಕೊಂಡೇ ಕೆಲಸಕ್ಕೆ ಇಳಿಯುತ್ತವೆ. ಯಾವ ದ್ರಾವಕ ನೀರಿನೊಂದಿಗೆ ಎಷ್ಟು ಬೇಗ ಬೆರೆಯುತ್ತದೆ ಎಂಬುದು ಅಲ್ಲಿ ರಂಧ್ರದ ಆಕಾರವನ್ನೂ ಗೋಡೆಯ ಬಿಗಿತವನ್ನೂ ಒಟ್ಟಿಗೆ ತೀರ್ಮಾನಿಸುತ್ತದೆ. ಆಕಾರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಚಿತ್ರ ಹಾಕಬಹುದು. ಬಿಗಿತ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಚರ್ಚೆಯಲ್ಲೂ ಹಿಂದೆ ಬೀಳುತ್ತದೆ.

ಈ ಪ್ರಶ್ನೆ ಈಗ ಪ್ರಯೋಗಾಲಯದ ಗೋಡೆ ದಾಟಿ ಬಂದಿದೆ. ಪೊರೆ ಎರೆಯಲು ಬಳಸುವ ಎರಡು ಮುಖ್ಯ ದ್ರಾವಕಗಳು, ಎನ್-ಮೀಥೈಲ್ ಪಿರಾಲಿಡೋನ್ ಮತ್ತು ಡೈಮೀಥೈಲ್ ಫಾರ್ಮಮೈಡ್, ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲವು. ಯುರೋಪಿಯನ್ ಒಕ್ಕೂಟ ಮೊದಲನೆಯದರ ಮೇಲೆ 2020ರ ಮೇ ತಿಂಗಳಿಂದ, ಎರಡನೆಯದರ ಮೇಲೆ 2023ರ ಡಿಸೆಂಬರಿನಿಂದ ಕೆಲಸಗಾರರು ಅದಕ್ಕೆ ಒಡ್ಡಿಕೊಳ್ಳುವ ಮಟ್ಟಕ್ಕೆ ಮಿತಿ ಹಾಕಿದೆ. ಬದಲಿಗಾಗಿ ಹುಡುಕಾಟ ನಡೆದಿದೆ. ಮರದ ಸೆಲ್ಯುಲೋಸಿನಿಂದ ಬರುವ ಸೈರೀನ್, ಸಸ್ಯಮೂಲದಿಂದ ಪಡೆಯಬಹುದಾದ ಗಾಮಾ-ವ್ಯಾಲೆರೋಲ್ಯಾಕ್ಟೋನ್ ಮುಂತಾದವು ಪರೀಕ್ಷೆಯಲ್ಲಿವೆ. ದ್ರಾವಕ ಬದಲಾಗಲೇಬೇಕು, ಆ ಬಗ್ಗೆ ಎರಡು ಮಾತಿಲ್ಲ. ಎರೆಯುವ ಕೋಣೆಯಲ್ಲಿ ನಿಲ್ಲುವವರ ಆರೋಗ್ಯಕ್ಕಿಂತ ಪೊರೆಯ ಹಳೆಯ ಪಾಕವಿಧಾನ ದೊಡ್ಡದಲ್ಲ. ಹೊಸ ದ್ರಾವಕ ಪಾಲಿಮರನ್ನು ಕರಗಿಸಿತು, ಮೊದಲ ದಿನದ ನೀರಿನ ಹರಿವೂ ಉಪ್ಪಿನ ತಡೆಯೂ ಹಳೆಯದಕ್ಕೆ ಸಮ ಬಂತು ಎಂದಾಕ್ಷಣ ಕೆಲಸ ಮುಗಿಯಿತು ಎನ್ನುವ ರೂಢಿಗೆ ಮಾತ್ರ ನನ್ನ ತಕರಾರು. ಸೈರೀನ್ ಡೈಮೀಥೈಲ್ ಫಾರ್ಮಮೈಡಿಗಿಂತ ಬಹಳ ಸ್ನಿಗ್ಧ. ತೊಟ್ಟಿಯಲ್ಲಿ ನೀರಿನೊಂದಿಗೆ ಬೆರೆಯುವ ವೇಗ ಬೇರೆ, ಪಾಲಿಮರ್ ಗಾಜಾಗುವ ಗಳಿಗೆ ಬೇರೆ. ಮೊದಲ ದಿನ ಒಂದೇ ಅಂಕಿ ಕೊಡುವ ಎರಡು ಪೊರೆಗಳು ಆರು ತಿಂಗಳ ಒತ್ತಡದ ನಂತರವೂ ಒಂದೇ ಆಗಿರಬೇಕಿಲ್ಲ. ಅದನ್ನು ಹೇಳಬೇಕಾದದ್ದು ಸಡಿಲಿಕೆಯ ಅಳತೆ, ಅದೂ ಹೊಸದರಲ್ಲಿ ಒಮ್ಮೆ, ಒತ್ತಡದಲ್ಲಿ ಇಟ್ಟು ಒಮ್ಮೆ. ಡೈಎಲೆಕ್ಟ್ರಿಕ್ ಅಳತೆಯ ಉಪಕರಣ ಅಪರೂಪದ್ದೇನಲ್ಲ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ದಶಕಗಳಿಂದ ಪೊರೆ ತಯಾರಿಕೆಯಲ್ಲಿ ಪಳಗಿದೆ. ಟೆಂಡರು ಬರೆಯುವವರು ಕೇಳಿದರೆ ಅಳೆದು ಕೊಡುವವರು ನಮ್ಮಲ್ಲೇ ಇದ್ದಾರೆ.

ಘಟಕ ನಡೆಸುವವರ ಕಡೆಯಿಂದ ನೋಡಿದರೂ ಇದಕ್ಕೊಂದು ಉಪಯೋಗವಿದೆ. ಎಂಟು ಅಂಗುಲ ವ್ಯಾಸದ ಒಂದು ಪೊರೆ ಸುರುಳಿಯಲ್ಲಿ ಸುಮಾರು 37 ಚದರ ಮೀಟರ್ ಪೊರೆ ಸುತ್ತಿರುತ್ತದೆ. ಕೋಯಂಬೇಡಿನಂಥ ಘಟಕಕ್ಕೆ ಅಂಥವು ಸಾವಿರಗಟ್ಟಲೆ ಬೇಕು. ಉಷ್ಣತೆ, ಒತ್ತಡ, ಉಪ್ಪಿನ ಅಂಶಗಳಿಗೆ ಸರಿಹೊಂದಿಸಿದ ಮೇಲೂ ಹರಿವು ಇಳಿಯುತ್ತಿದ್ದರೆ ಕೊಳಚೆ ನೀರಿನಲ್ಲಿ ದೂರು ಮೊದಲು ಹೋಗುವುದು ಕೆಸರು, ಜೀವಾಣು, ಸಾವಯವ ಕೊಳೆಯ ಮೇಲೆ. ಬಹುಪಾಲು ಅದು ಸರಿಯೂ ಹೌದು. ಆಮ್ಲ, ಕ್ಷಾರಗಳಿಂದ ತೊಳೆದಾಗ ಹರಿವಿನ ಒಂದು ಪಾಲು ಮರಳುತ್ತದೆ, ಒಂದು ಪಾಲು ಮರಳುವುದಿಲ್ಲ. ಮರಳದ ಪಾಲಿನಲ್ಲಿ ಹಟಮಾರಿ ಕೊಳೆ ಎಷ್ಟು, ಒತ್ತಡಕ್ಕೆ ಪೊರೆಯೇ ಅಡಕಗೊಂಡದ್ದೆಷ್ಟು ಎಂದು ಬೇರ್ಪಡಿಸಲು ಒಂದು ಸರಳ ದಾರಿ ಇದೆ. ಅದೇ ತಯಾರಿಕಾ ಕಂತಿನ ಹೊಸ ಪೊರೆಯ ತುಂಡೊಂದನ್ನು ಶುದ್ಧ ನೀರಿನಲ್ಲಿ, ಅದೇ ಒತ್ತಡದಲ್ಲಿ, ಅದೇ 30–35 ಡಿಗ್ರಿಯಲ್ಲಿ ಕೆಲವು ವಾರ ಓಡಿಸಿ ನೋಡಬೇಕು. ಕೊಳೆಯೇ ಇಲ್ಲದ ನೀರಿನಲ್ಲೂ ಹರಿವು ಇಳಿದರೆ ಆ ಇಳಿತವನ್ನು ಯಾವ ರಾಸಾಯನಿಕ ತೊಳೆತವೂ ವಾಪಸು ತರಲಾರದು. ಪದೇ ಪದೇ ತೊಳೆದರೆ ಪಾಲಿಅಮೈಡ್ ಸವೆಯುತ್ತದೆ ಅಷ್ಟೇ. ಆಗ ಪತ್ರ ಬರೆಯಬೇಕಾದದ್ದು ರಾಸಾಯನಿಕ ಸರಬರಾಜು ಮಾಡುವವರಿಗಲ್ಲ, ಪೊರೆ ಎರೆದವರಿಗೆ.